ವೆಬ್‌ಸೈಟ್ ಮಾರಿ ಆರು ತಿಂಗಳಾದ ಮೇಲೂ ದುಡ್ಡು ನಿಮ್ಮದೇನಾ? ಪೇಪಾಲ್, ಎಸ್ಕ್ರೋ ಡಾಟ್ ಕಾಮ್, ಬ್ಯಾಂಕ್ ವರ್ಗಾವಣೆ: ಮಾರುವವರ ಕಡೆಯಿಂದ ಒಂದು ವಿಮರ್ಶೆ

ಹಸು ಮಾರಿದವರಿಗೆ ದುಡ್ಡು ಬರದಿದ್ದರೆ ಹಗ್ಗ ಹಿಡಿದು ಹಸುವನ್ನು ವಾಪಸ್ ಹೊಡೆದುಕೊಂಡು ಬರಬಹುದು. ವೆಬ್‌ಸೈಟ್ ವಿಷಯದಲ್ಲಿ ಆ ಮಾತಿಲ್ಲ. ಡೇಟಾಬೇಸ್ ಒಮ್ಮೆ ಡೌನ್‌ಲೋಡ್ ಆಯಿತೆಂದರೆ, ಕೊಂಡವರು "ವಾಪಸ್ ಕೊಟ್ಟಿದ್ದೇನೆ" ಎಂದರೂ ಒಂದು ಪ್ರತಿ ಅವರ ಬಳಿ ಉಳಿದೇ ಇರುತ್ತದೆ. ಹಾಗಾಗಿ ದುಡ್ಡು ಪಡೆಯುವ ದಾರಿಯನ್ನು ಶುಲ್ಕ ಎಷ್ಟು, ಎಷ್ಟು ಬೇಗ ಬರುತ್ತದೆ ಎಂದಷ್ಟೇ ನೋಡಿ ಆರಿಸಿದರೆ ಸಾಲದು. ಕೊಂಡವರು ತಕರಾರು ತೆಗೆದ ದಿನ ಆ ದಾರಿ ಯಾರ ಕೈ ಹಿಡಿಯುತ್ತದೆ ಎಂಬ ಒಂದೇ ಅಳತೆಗೋಲಿನಿಂದ ಇಲ್ಲಿ ಮೂರು ದಾರಿಗಳನ್ನು ನೋಡಿದ್ದೇವೆ.

ಉದಾಹರಣೆಗೆ ಒಂದು ಸೈಟ್ ಇಟ್ಟುಕೊಳ್ಳೋಣ. ಕನ್ನಡದ ಉದ್ಯೋಗ ಮಾಹಿತಿ ಸೈಟ್, ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ್ದು, ಡಾಟ್ ಕಾಮ್ ಡೊಮೇನ್, ಸುಮಾರು 900 ಲೇಖನ, ಆದಾಯವೆಲ್ಲ ಗೂಗಲ್‌ನ ಜಾಹೀರಾತು ಸೇವೆಯಾದ ಆಡ್‌ಸೆನ್ಸ್‌ನಿಂದ, ಮಾತಾದ ಬೆಲೆ 3,000 ಡಾಲರ್. ಇಂಥ ಸೈಟಿನ ಸ್ವಭಾವದಲ್ಲೇ ಜಗಳದ ಬೀಜ ಇದೆ. ಕೆಪಿಎಸ್‌ಸಿ, ಕೆಇಎ ಅಧಿಸೂಚನೆ ಬಂದ ತಿಂಗಳು ಓದುಗರು ಮುಗಿಬೀಳುತ್ತಾರೆ, ಮುಂದಿನ ತಿಂಗಳು ಅರ್ಧಕ್ಕರ್ಧ ಇಳಿಯುತ್ತಾರೆ. ಏರಿದ ತಿಂಗಳ ಗ್ರಾಫ್ ನೋಡಿ ಕೊಂಡವರು ಇಳಿದ ತಿಂಗಳಲ್ಲಿ "ಮೋಸ" ಎನ್ನುತ್ತಾರೆ. ಆಗ ದುಡ್ಡು ಎಲ್ಲಿರುತ್ತದೆ ಎಂಬುದೇ ಪ್ರಶ್ನೆ.

ಪೇಪಾಲ್: ಬರುವುದೂ ಬೇಗ, ಹೋಗುವುದೂ ಬೇಗ

ಇನ್‌ವಾಯ್ಸ್ ಕಳಿಸಿದ ಹತ್ತು ನಿಮಿಷದಲ್ಲಿ ದುಡ್ಡು ಬಂದು ಕೂರುತ್ತದೆ. ವಿದೇಶದಲ್ಲಿರುವ ಕೊಳ್ಳುವವರಿಗೆ ಪರಿಚಿತ ಹೆಸರು, ಅನುಮಾನ ಕಡಿಮೆ. ಶುಲ್ಕ ಶೇಕಡಾ 4ರ ಮೇಲೆ ಹೋಗುತ್ತದೆ, ಡಾಲರನ್ನು ರೂಪಾಯಿ ಮಾಡುವಾಗ ದರದಲ್ಲಿ ಇನ್ನಷ್ಟು ಕಡಿಯುತ್ತಾರೆ; ಅದನ್ನು ಸಹಿಸಬಹುದು. ಸಹಿಸಲಾಗದ್ದು ಮುಂದೆ ಬರುವ ಲೆಕ್ಕ.

ಕೊಂಡವರಿಗೆ ತಕರಾರು ತೆಗೆಯಲು ದುಡ್ಡು ಕಟ್ಟಿದ ದಿನದಿಂದ 180 ದಿನ ಇದೆ. ತೆಗೆದ ತಕರಾರನ್ನು 20 ದಿನದೊಳಗೆ ಕ್ಲೇಮ್ (ಪೇಪಾಲ್ ತಾನೇ ತೀರ್ಪು ಕೊಡುವ ದೂರು) ಆಗಿ ಏರಿಸಬಹುದು. ಏರಿಸಿದ ಮೇಲೆ ಮಾರಿದವರಿಗೆ ಉತ್ತರ ಕೊಡಲು ಸಿಗುವುದು 10 ದಿನ. ಆ ಇಮೇಲ್ ಪ್ರಮೋಷನ್ಸ್ ಟ್ಯಾಬಿಗೆ ಬಿದ್ದು, ನೀವು ಊರಲ್ಲಿ ಮದುವೆ ಓಡಾಟದಲ್ಲಿದ್ದು, ಗಡುವು ದಾಟಿತೋ, ಕ್ಲೇಮ್ ಕೊಂಡವರ ಪರವಾಗಿ ಮುಗಿದಂತೆ. ಸೈಟ್ ಮಾರಿದ ಮೇಲೆ ಆರು ತಿಂಗಳ ಮಟ್ಟಿಗೆ ಪೇಪಾಲ್‌ನಿಂದ ಬರುವ ಮೇಲ್‌ಗಳಿಗೆ ಪ್ರತ್ಯೇಕ ಫಿಲ್ಟರ್ ಹಾಕಿ ಇನ್‌ಬಾಕ್ಸಿನ ಮೇಲ್ತುದಿಗೆ ಬರುವಂತೆ ಮಾಡಿಕೊಳ್ಳಿ.

ಇಲ್ಲಿ ಬಹಳ ಜನ ಎಡವುವ ಒಂದು ಅಂಶವಿದೆ. ಪೇಪಾಲ್‌ನಲ್ಲಿ ದುಡ್ಡು ಹೊರಗೆ ಹೋಗಲು ಬಾಗಿಲು ಎರಡು. ಒಂದು ಪೇಪಾಲ್‌ನದೇ ಕ್ಲೇಮ್. ಇನ್ನೊಂದು, ಕೊಂಡವರು ಕಾರ್ಡಿನಿಂದ ಕಟ್ಟಿದ್ದರೆ, ಅವರ ಬ್ಯಾಂಕಿನ ಮೂಲಕ ಬರುವ ಚಾರ್ಜ್‌ಬ್ಯಾಕ್, ಅಂದರೆ ಕಟ್ಟಿದ ದುಡ್ಡನ್ನು ಬ್ಯಾಂಕೇ ಹಿಂದಕ್ಕೆ ಎಳೆದುಕೊಳ್ಳುವುದು. ಮೊದಲ ಬಾಗಿಲಿಗೆ ಚಿಲಕ ಹಾಕಲು ಒಂದು ಅವಕಾಶವಿದೆ: ಖರೀದಿದಾರರ ರಕ್ಷಣೆಗೆ ಒಳಪಡದ ಪಟ್ಟಿಯಲ್ಲಿ ಜಮೀನು, ವಾಹನಗಳ ಜೊತೆಗೆ ವ್ಯವಹಾರವನ್ನೇ ಕೊಳ್ಳುವುದೂ ಸೇರಿದೆ. ಹಾಗಾಗಿ ಇನ್‌ವಾಯ್ಸಿನಲ್ಲಿ "ವೆಬ್ ಡಿಸೈನ್ ಸೇವೆ" ಎಂದೋ "ಡಿಜಿಟಲ್ ಸರಕು" ಎಂದೋ ಬರೆಯದೆ, ಇದ್ದದ್ದನ್ನು ಇದ್ದ ಹಾಗೆ, ಡೊಮೇನ್, ಸೈಟ್, ಲೇಖನಗಳು ಸೇರಿದ ಆನ್‌ಲೈನ್ ವ್ಯವಹಾರದ ಮಾರಾಟ ಎಂದು ಬರೆಯಬೇಕು. ಒಪ್ಪಂದದ ಪಠ್ಯ ದೇಶದಿಂದ ದೇಶಕ್ಕೆ ಬೇರೆ ಇರುತ್ತದೆ. ಕೊಳ್ಳುವವರು ಇರುವ ದೇಶದ ಪಠ್ಯವನ್ನು ತೆರೆದು ಓದಿ, ಆ ದಿನದ ಪ್ರತಿಯನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ.

ಎರಡನೇ ಬಾಗಿಲಿಗೆ ಈ ಚಿಲಕ ಹತ್ತುವುದಿಲ್ಲ. ಚಾರ್ಜ್‌ಬ್ಯಾಕ್ ತೀರ್ಮಾನಿಸುವುದು ಕಾರ್ಡ್ ಕೊಟ್ಟ ಬ್ಯಾಂಕ್, ಅದೂ ವೀಸಾ ಅಥವಾ ಮಾಸ್ಟರ್‌ಕಾರ್ಡ್ ನಿಯಮದ ಪ್ರಕಾರ. ಪೇಪಾಲ್ ನಡುವೆ ನಿಂತು ಕಾಗದ ದಾಟಿಸುತ್ತದೆ, ಅಷ್ಟೆ. ವ್ಯವಹಾರದ ಮಾರಾಟ ಎಂದು ಬರೆದ ತಕ್ಷಣ ಮಾರುವವರಿಗೆ ಇರಬಹುದಾಗಿದ್ದ ರಕ್ಷಣೆಯನ್ನೂ ನೆಚ್ಚಿಕೊಳ್ಳುವಂತಿಲ್ಲ. ವೀಸಾದಲ್ಲಿ ಸಾಮಾನ್ಯ ಗಡುವು 120 ದಿನ. "ಸಿಕ್ಕಿಲ್ಲ" ಎಂಬ ದೂರಾದರೆ ಆ 120 ದಿನವನ್ನು ಸಿಗಬೇಕಿದ್ದ ದಿನದಿಂದ ಎಣಿಸಬಹುದು, ವಹಿವಾಟಿನ ದಿನದಿಂದ 540 ದಿನ ಹೊರಮಿತಿ. ಕೈಗೆ ಕೊಡುವ ದಿನಾಂಕವನ್ನು ಬರೆಯದೆ ಬಿಟ್ಟವರಿಗೆ ಈ ಎಣಿಕೆಯೇ ಮುಳುವಾಗುತ್ತದೆ. "ಡೊಮೇನ್ ಮತ್ತು ಫೈಲ್‌ಗಳನ್ನು ಇಂಥ ತಾರೀಖಿನೊಳಗೆ ಕೊಡುವುದು" ಎಂಬ ಒಂದು ಸಾಲು ಇನ್‌ವಾಯ್ಸಿನಲ್ಲೇ ಇರಲಿ.

ಬೆಂಗಳೂರಿನ ಕೊಳ್ಳುವವರಿಂದ ಧಾರವಾಡದ ಮಾರುವವರಿಗೆ ಪೇಪಾಲ್ ಕೆಲಸಕ್ಕೆ ಬರುವುದಿಲ್ಲ. ಭಾರತದೊಳಗಿನ ಪಾವತಿಯನ್ನು ಅವರು 2021ರ ಏಪ್ರಿಲ್ 1ರಿಂದ ನಿಲ್ಲಿಸಿದ್ದಾರೆ. ವಿದೇಶದಿಂದ ಬಂದ ದುಡ್ಡು ತಾನಾಗಿಯೇ ಬ್ಯಾಂಕ್ ಖಾತೆಗೆ ಇಳಿಯುತ್ತದೆ. "ಬ್ಯಾಂಕಿಗೆ ಬಂತಲ್ಲ, ಇನ್ನೇನು ಭಯ" ಎಂದುಕೊಳ್ಳುವುದು ಇಲ್ಲಿನ ದೊಡ್ಡ ತಪ್ಪು ತಿಳಿವಳಿಕೆ. ಕ್ಲೇಮ್ ಸೋತರೆ ಪೇಪಾಲ್ ಖಾತೆ ಮೈನಸ್‌ಗೆ ಹೋಗುತ್ತದೆ, ಮುಂದೆ ಯಾರಿಂದ ಏನು ಬಂದರೂ ಮೊದಲು ಆ ಗುಂಡಿ ತುಂಬಬೇಕು. ಅದೇ ಖಾತೆಯಲ್ಲಿ ಫ್ರೀಲಾನ್ಸ್ ಕೆಲಸದ ದುಡ್ಡೂ ಬರುತ್ತಿದ್ದರೆ, ಸೈಟಿನ ಜಗಳಕ್ಕೆ ಆ ಸಂಬಳ ಬಲಿ. 3,000 ಡಾಲರನ್ನು ಮೂರು ಕಂತು ಮಾಡಿದರೆ ಅಪಾಯ ಹಂಚಿಹೋಗುತ್ತದೆ ಎಂಬ ಸಲಹೆಯಲ್ಲೂ ಹುರುಳಿಲ್ಲ. ಪ್ರತಿ ಕಂತಿಗೂ ಅದರದೇ 180 ದಿನ ಓಡುತ್ತದೆ, ಕೊನೆಯ ಕಂತಿನ ಗಡುವು ಇನ್ನೂ ಮುಂದೆ ಹೋಗುತ್ತದೆ.

ನಮ್ಮ ತೀರ್ಪು: ಕೈಬಿಟ್ಟರೂ ರಾತ್ರಿ ನಿದ್ದೆ ಬರುವಷ್ಟು ಮೊತ್ತಕ್ಕೆ ಮಾತ್ರ ಪೇಪಾಲ್.

ಎಸ್ಕ್ರೋ ಡಾಟ್ ಕಾಮ್: ನ್ಯಾಯಾಧೀಶರಲ್ಲ, ಬೀಗ ಹಾಕಿ ಕೂತವರು

ಎಸ್ಕ್ರೋ ಅಂದರೆ ವ್ಯವಹಾರ ಮುಗಿಯುವವರೆಗೆ ದುಡ್ಡನ್ನು ಮೂರನೆಯವರ ಬಳಿ ಇಡುವುದು. ಇದು 1999ರಿಂದ ಇರುವ ಕಂಪನಿ, 2015ರಲ್ಲಿ ಇದನ್ನು ಆಸ್ಟ್ರೇಲಿಯಾದ ಫ್ರೀಲಾನ್ಸರ್ ಎಂಬ ಕಂಪನಿ ಕೊಂಡಿತು. ಕ್ಯಾಲಿಫೋರ್ನಿಯಾದಲ್ಲಿ ಎಸ್ಕ್ರೋ ಪರವಾನಗಿ ಇದೆ. ಕ್ರಮ ಸರಳ: ಇಬ್ಬರೂ ಷರತ್ತು ಒಪ್ಪುತ್ತಾರೆ, ಕೊಳ್ಳುವವರು ಪೂರ್ತಿ ದುಡ್ಡನ್ನು ಎಸ್ಕ್ರೋದಲ್ಲಿ ಇಡುತ್ತಾರೆ, ದುಡ್ಡು ಬಂದಿದೆ ಎಂದು ಖಚಿತವಾದ ಮೇಲೆ ಮಾರುವವರು ಸೈಟ್ ಕೊಡುತ್ತಾರೆ, ಕೊಂಡವರು ಪರಿಶೀಲಿಸಿ ಒಪ್ಪುತ್ತಾರೆ, ಆಮೇಲೆ ದುಡ್ಡು ಬಿಡುಗಡೆ. ಶುಲ್ಕ ಮೊತ್ತಕ್ಕೆ ತಕ್ಕಂತೆ. ಮೊತ್ತ ದೊಡ್ಡದಾದಂತೆ ಶೇಕಡಾವಾರು ಇಳಿಯುತ್ತದೆ. ಯಾರು ಕೊಡಬೇಕು, ಅರ್ಧರ್ಧವೇ ಎಂಬುದನ್ನು ಮೊದಲೇ ಆರಿಸಬೇಕು. ಕೊಳ್ಳುವವರು ಕಾರ್ಡ್ ಅಥವಾ ಪೇಪಾಲ್‌ನಿಂದ ಕಟ್ಟುವ ಆಯ್ಕೆ ಸಣ್ಣ ಮೊತ್ತಗಳಿಗೆ ಸಿಗುತ್ತದೆ, ಆದರೆ ನೀವು ವೈರ್ ವರ್ಗಾವಣೆಯನ್ನೇ ಕೇಳಿ. ಕಾರ್ಡೇ ಇಲ್ಲದಲ್ಲಿ ಕಾರ್ಡಿನ ಜಗಳವೂ ಇಲ್ಲ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಹೆಸರಿನ ನಕಲಿ ಸೈಟುಗಳ ಹಾವಳಿ ಹಳೆಯದು. ಕೊಳ್ಳುವವರು ಕಳಿಸಿದ ಲಿಂಕ್ ಒತ್ತಿ ಒಳಗೆ ಹೋಗಬೇಡಿ. ವಿಳಾಸವನ್ನು ನೀವೇ ಟೈಪ್ ಮಾಡಿ ಲಾಗಿನ್ ಆಗಿ, ವಹಿವಾಟು ಅಲ್ಲಿ ಕಾಣುತ್ತದೆಯೇ, ದುಡ್ಡು ಬಂದಿದೆ ಎಂಬ ಸ್ಥಿತಿ ಅಲ್ಲೇ ತೋರಿಸುತ್ತದೆಯೇ ನೋಡಿ. "ದುಡ್ಡು ಬಂದಿದೆ, ಡೊಮೇನ್ ಕಳಿಸಿ" ಎಂದು ಇಮೇಲಿನಲ್ಲಿ ಮಾತ್ರ ಬಂದರೆ ಅದನ್ನು ಬಂದಿಲ್ಲ ಎಂದೇ ಓದಿಕೊಳ್ಳಿ.

ಈ ಸೇವೆಯ ನಿಜವಾದ ಬೆಲೆ ಇರುವುದು ವಹಿವಾಟಿನ ವಿವರಣೆ ಬರೆಯುವ ಖಾಲಿ ಜಾಗದಲ್ಲಿ. ಬಹಳ ಜನ ಅಲ್ಲಿ ಡೊಮೇನ್ ಹೆಸರು, "ಜೊತೆಗೆ ವೆಬ್‌ಸೈಟ್" ಎಂದಷ್ಟೇ ಬರೆದು ಮುಂದೆ ಹೋಗುತ್ತಾರೆ. ತಕರಾರು ಗೆಲ್ಲುವುದೂ ಸೋಲುವುದೂ ಆ ನಿಮಿಷದಲ್ಲೇ ತೀರ್ಮಾನ ಆಗಿರುತ್ತದೆ. ನಮ್ಮ ಉದ್ಯೋಗ ಮಾಹಿತಿ ಸೈಟಿಗೆ ಆ ಜಾಗದಲ್ಲಿ ಇರಬೇಕಾದ ಮಾತು ಹೆಚ್ಚುಕಡಿಮೆ ಹೀಗೆ (ರಿಜಿಸ್ಟ್ರಾರ್ ಅಂದರೆ ಡೊಮೇನ್ ನೋಂದಾಯಿಸುವ ಕಂಪನಿ; ಪುಶ್ ಅಂದರೆ ಅದರೊಳಗೇ ಒಂದು ಖಾತೆಯಿಂದ ಇನ್ನೊಂದಕ್ಕೆ ಡೊಮೇನ್ ದಾಟಿಸುವುದು; ಎಸ್‌ಎಚ್‌ಎ-256 ಮೊತ್ತ ಅಂದರೆ ಫೈಲಿನ ಬೆರಳಚ್ಚಿನಂಥ ಗುರುತು; ಸರ್ಚ್ ಕನ್ಸೋಲ್ ಅಂದರೆ ಹುಡುಕಾಟದಲ್ಲಿ ಸೈಟ್ ಹೇಗಿದೆ ಎಂದು ಮಾಲೀಕರಿಗೆ ತೋರಿಸುವ ಗೂಗಲ್ ಸೇವೆ):

"ಸೇರಿರುವುದು: ಡೊಮೇನ್, ಈಗಿರುವ ರಿಜಿಸ್ಟ್ರಾರ್ ಒಳಗೇ ಕೊಂಡವರ ಖಾತೆಗೆ ಪುಶ್, ವರ್ಡ್‌ಪ್ರೆಸ್ ಫೈಲ್‌ಗಳು ಮತ್ತು ಡೇಟಾಬೇಸಿನ ಪೂರ್ಣ ಬ್ಯಾಕಪ್, ಒಂದು ಜಿಪ್, ಅದರ ಎಸ್‌ಎಚ್‌ಎ-256 ಮೊತ್ತ ಸಂದೇಶದಲ್ಲಿ ಕೊಡಲಾಗುವುದು, ಪ್ರಕಟವಾದ ಲೇಖನಗಳ ಕಾಪಿರೈಟ್, ದುಡ್ಡು ಬಿಡುಗಡೆಯಾದ ಕ್ಷಣದಿಂದ. ಸೇರಿಲ್ಲದ್ದು: ಆಡ್‌ಸೆನ್ಸ್ ಖಾತೆ, ಹೋಸ್ಟಿಂಗ್ ಖಾತೆ, ಪ್ಲಗಿನ್‌ಗಳ ವಾರ್ಷಿಕ ಲೈಸೆನ್ಸ್. ಕೊಂಡವರು ಅನಲಿಟಿಕ್ಸ್ ಮತ್ತು ಸರ್ಚ್ ಕನ್ಸೋಲ್‌ನಲ್ಲಿ ಕಳೆದ 12 ತಿಂಗಳ ಅಂಕಿ ಸ್ವತಃ ನೋಡಿದ್ದಾರೆ. ಮಾರಾಟದ ನಂತರದ ಓದುಗರ ಸಂಖ್ಯೆ, ಹುಡುಕಾಟದ ಸ್ಥಾನ, ಜಾಹೀರಾತು ಆದಾಯ, ಆಡ್‌ಸೆನ್ಸ್ ಅನುಮತಿ ಇವುಗಳಿಗೆ ಖಾತರಿ ಇಲ್ಲ, ಇವು ತಿರಸ್ಕಾರಕ್ಕೆ ಕಾರಣವಾಗಲಾರವು."

ಪ್ರತಿ ತುಣುಕಿನ ಹಿಂದೆಯೂ ಒಂದು ಜಗಳವಿದೆ. ಆಡ್‌ಸೆನ್ಸ್ ಖಾತೆಯನ್ನು ಇನ್ನೊಬ್ಬರ ಹೆಸರಿಗೆ ಮಾಡಲು ಗೂಗಲ್ ಬಿಡುವುದಿಲ್ಲ. ಕೊಂಡವರು ತಮ್ಮದೇ ಖಾತೆಗೆ ಸೈಟನ್ನು ಹೊಸದಾಗಿ ಸೇರಿಸಿ ಪರಿಶೀಲನೆಗೆ ಕಾಯಬೇಕು. ಇದು ಗೊತ್ತಿಲ್ಲದ ಕೊಳ್ಳುವವರು ಮೊದಲ ವಾರವೇ ಆದಾಯ ಸೊನ್ನೆ ಎಂದು ದುಡ್ಡು ತಡೆಯುತ್ತಾರೆ. ಹುಡುಕಾಟದ ಸ್ಥಾನಗಳನ್ನೇ ಬದಲಿಸುವ ಗೂಗಲ್ ಅಪ್‌ಡೇಟಿನ ವಿಷಯವೂ ಅದೇ. 2023ರ ಸೆಪ್ಟೆಂಬರಿನ ಹೆಲ್ಪ್‌ಫುಲ್ ಕಂಟೆಂಟ್ ಅಪ್‌ಡೇಟ್ ಮತ್ತು 2024ರ ಮಾರ್ಚಿನ ಕೋರ್ ಅಪ್‌ಡೇಟ್ ಬಂದಾಗ ಎಷ್ಟೋ ಸಣ್ಣ ಸೈಟುಗಳ ಓದುಗರು ರಾತ್ರೋರಾತ್ರಿ ಕುಸಿದರು. ಮಾರಾಟದ ನಡುವೆ ಸಿಕ್ಕಿಬಿದ್ದವರಿಗೆ ಯಾರ ತಪ್ಪು ಎಂದು ತೋರಿಸಲು ಬರೆದಿಟ್ಟ ಸಾಲೇ ಬೇಕು.

ಡೊಮೇನನ್ನು "ಅದೇ ರಿಜಿಸ್ಟ್ರಾರ್ ಒಳಗೆ" ಎಂದು ಬರೆಯುವುದಕ್ಕೂ ಕಾರಣವಿದೆ. ಡಾಟ್ ಕಾಮ್‌ನಂಥ ಡೊಮೇನ್ ಹೊಸದಾಗಿ ನೋಂದಾಯಿಸಿದ್ದರೆ ಅಥವಾ ಈಚೆಗೆ ಬೇರೆ ರಿಜಿಸ್ಟ್ರಾರ್‌ನಿಂದ ಬಂದಿದ್ದರೆ 60 ದಿನ ಹೊರಗೆ ಸಾಗಿಸಲು ಆಗದಂತೆ ಬೀಗ ಬೀಳುತ್ತದೆ. 2016ರ ಡಿಸೆಂಬರ್ 1ರಿಂದ ಮಾಲೀಕರ ಹೆಸರು ಬದಲಿಸಿದರೂ ಬೀಗ ಬೀಳುವ ನಿಯಮ ಸೇರಿಕೊಂಡಿತು. ಬೀಗ ಇಲ್ಲದಿದ್ದರೂ ಬೇರೆ ರಿಜಿಸ್ಟ್ರಾರ್‌ಗೆ ಆಥ್ ಕೋಡ್ (ಡೊಮೇನ್ ಸಾಗಿಸಲು ಬೇಕಾದ ಗುಪ್ತಪದ) ಕೊಟ್ಟು ಸಾಗಿಸಲು ಐದು ದಿನದವರೆಗೆ ಕಾಯಬೇಕಾಗಬಹುದು. ಪುಶ್ ಆದರೆ ನಿಮಿಷಗಳ ಕೆಲಸ, "ಖಾತೆ ಬದಲಾಯಿತು" ಎಂಬ ರಿಜಿಸ್ಟ್ರಾರ್ ಇಮೇಲ್ ಸಮಯದ ಮುದ್ರೆಯೊಂದಿಗೆ ಕೈಗೆ ಸಿಗುತ್ತದೆ. ಆ ಇಮೇಲಿನಷ್ಟು ಗಟ್ಟಿ ರಸೀದಿ ಈ ಇಡೀ ವ್ಯವಹಾರದಲ್ಲಿ ಇನ್ನೊಂದಿಲ್ಲ.

ಪರಿಶೀಲನೆಯ ಅವಧಿ ಎಷ್ಟು ದಿನ ಎಂಬಲ್ಲಿ ಎಳೆದಾಟ ಇದ್ದದ್ದೇ. ಕೊಳ್ಳುವವರು 30 ಕೇಳುತ್ತಾರೆ, ಮಾರುವವರು 1 ಎನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಇಂಥ ವರ್ಡ್‌ಪ್ರೆಸ್ ಸೈಟಿಗೆ 5ರಿಂದ 7 ದಿನ ನ್ಯಾಯವಾದದ್ದು: ಹೊಸ ಹೋಸ್ಟಿಂಗ್‌ಗೆ ಸಾಗಿಸಲು ಒಂದು ದಿನ, ಡಿಎನ್‌ಎಸ್ (ಡೊಮೇನ್ ಯಾವ ಸರ್ವರಿಗೆ ಹೋಗಬೇಕೆಂಬ ದಾಖಲೆ) ಬದಲಾವಣೆ ಎಲ್ಲೆಡೆ ಹರಡಲು ಒಂದೆರಡು ದಿನ, ಲೇಖನ, ಚಿತ್ರ, ಫಾರ್ಮ್ ನೋಡಲು ಉಳಿದದ್ದು. ಸಾಗಿಸುವ ಎರಡು ದಿನ ಮುಂಚೆ ಡಿಎನ್‌ಎಸ್ ದಾಖಲೆಗಳ ಟಿಟಿಎಲ್ (ಹಳೆಯ ದಾಖಲೆಯನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕೆಂಬ ಅವಧಿ) ಅನ್ನು 300 ಸೆಕೆಂಡಿಗೆ ಇಳಿಸಿಟ್ಟರೆ "ಸೈಟ್ ತೆರೆಯುತ್ತಿಲ್ಲ" ಎಂಬ ಗಾಬರಿಯ ಸಂದೇಶಗಳು ಅರ್ಧಕ್ಕೆ ಇಳಿಯುತ್ತವೆ. 30 ದಿನಕ್ಕೆ ಒಪ್ಪಿದಿರೋ, ಕೊಂಡವರು ಒಂದು ತಿಂಗಳ ಜಾಹೀರಾತು ಆದಾಯ ಉಂಡು ಆಮೇಲೆ ಬೇಡ ಎನ್ನಬಹುದು.

ಇನ್ನೊಂದು ಎಡವಟ್ಟು. ಪರಿಶೀಲನೆಯ ಗಡಿಯಾರ ಓಡುವುದು ಕೊಂಡವರು "ಸಿಕ್ಕಿದೆ" ಎಂದು ಗುರುತು ಹಾಕಿದ ಮೇಲೆ. ಒಪ್ಪಿಗೆ ಅವಧಿ ದಾಟಿದರೆ ದುಡ್ಡು ನಿಮ್ಮ ಕಡೆ ಬರುತ್ತದೆ ನಿಜ, ಆದರೆ ಆ ಮೊದಲ ಗುರುತನ್ನೇ ಹಾಕದೆ ಕೆಲವರು ಎಳೆಯುತ್ತಾರೆ. ಆಗ ವಾಟ್ಸಾಪಿನಲ್ಲಿ ಬೇಡಿಕೊಳ್ಳುವುದು ಬಿಟ್ಟು, ಪುಶ್ ಇಮೇಲ್ ಮತ್ತು ಲಾಗಿನ್ ದಾಖಲೆಯನ್ನು ನೇರ ಎಸ್ಕ್ರೋದ ಸಹಾಯ ವಿಭಾಗಕ್ಕೆ ಕಳಿಸಿ. ಮಾತುಕತೆಯೆಲ್ಲ ಆ ಸೈಟಿನ ಸಂದೇಶದೊಳಗೇ ನಡೆಯಲಿ ಎನ್ನುವುದು ಇದಕ್ಕೇ.

ಈಗ ಈ ಸೇವೆಯ ಕೊರತೆ. ಕೊಂಡವರು ತಿರಸ್ಕರಿಸಿದರೆ ಸೈಟನ್ನು ವಾಪಸ್ ಕೊಡಬೇಕು, ವಾಪಸ್ ಬಂದದ್ದನ್ನು ನೀವು ನೋಡಿ ಒಪ್ಪಬೇಕು. ಡೊಮೇನ್ ವಾಪಸ್ ಬರುತ್ತದೆ, ಡೇಟಾಬೇಸಿನ ಪ್ರತಿ ಬರುವುದಿಲ್ಲ. ಯಾರು ಸರಿ ಎಂದು ಎಸ್ಕ್ರೋ ಡಾಟ್ ಕಾಮ್ ಹೇಳುವುದಿಲ್ಲ. ಇಬ್ಬರೂ ಒಪ್ಪುವವರೆಗೆ, ಇಲ್ಲವೇ ಮಧ್ಯಸ್ಥಿಕೆ ಅಥವಾ ಕೋರ್ಟಿನ ಆದೇಶ ಬರುವವರೆಗೆ ದುಡ್ಡು ಅಲ್ಲೇ ಕೂರುತ್ತದೆ. 3,000 ಡಾಲರಿಗೆ ಅಮೆರಿಕದಲ್ಲಿ ಮಧ್ಯಸ್ಥಿಕೆಗೆ ಹೋಗುವುದೆಂದರೆ ಮೂಗಿಗಿಂತ ಮೂಗುತಿ ಭಾರ. ಹಾಗಾಗಿ ಕೊನೆಗೆ ಬೆಲೆಯಲ್ಲಿ ಒಂದಷ್ಟು ಬಿಟ್ಟು ರಾಜಿಯಾಗುವುದೇ ಹೆಚ್ಚು. ಕಾಪಿರೈಟ್ ದುಡ್ಡು ಬಿಡುಗಡೆಯಾದ ಮೇಲೆಯೇ ದಾಟುತ್ತದೆ ಎಂಬ ಸಾಲು ಇಲ್ಲಿ ಕೆಲಸಕ್ಕೆ ಬರುತ್ತದೆ: ತಿರಸ್ಕರಿಸಿದವರು ಅದೇ ಲೇಖನಗಳನ್ನು ಬೇರೆ ಡೊಮೇನಿನಲ್ಲಿ ಏರಿಸಿದರೆ ಹಕ್ಕು ಇನ್ನೂ ನಿಮ್ಮದೇ, ಅವರ ಹೋಸ್ಟಿಂಗ್ ಕಂಪನಿಗೂ ಗೂಗಲ್‌ಗೂ ಅಮೆರಿಕದ ಕಾಪಿರೈಟ್ ಕಾನೂನಾದ ಡಿಎಂಸಿಎ ಪ್ರಕಾರ ನೋಟಿಸ್ ಕಳಿಸಬಹುದು.

ಇಷ್ಟೆಲ್ಲ ಕೊರತೆ ಇದ್ದರೂ ಸಾವಿರ ಡಾಲರ್ ದಾಟಿದ ವಿದೇಶಿ ವ್ಯವಹಾರಕ್ಕೆ ನಾವು ಮೊದಲು ಹೇಳುವುದು ಇದನ್ನೇ. ಜಗಳ ಬಂದರೆ ಅದು ದುಡ್ಡು ನಿಮ್ಮ ಖಾತೆಗೆ ಬರುವ ಮುಂಚೆ ಬರುತ್ತದೆ, ಬಂದ ಆರು ತಿಂಗಳ ಮೇಲಲ್ಲ.

ಬ್ಯಾಂಕ್ ವರ್ಗಾವಣೆ

ಕರ್ನಾಟಕದೊಳಗೆ, ಭಾರತದೊಳಗೆ ಮಾರುವಾಗ ಹೆಚ್ಚಿನವರು ಹಿಡಿಯುವ ದಾರಿ. 2 ಲಕ್ಷ ಮತ್ತು ಮೇಲಾದರೆ ಆರ್‌ಟಿಜಿಎಸ್, ಕೆಳಗಾದರೆ ಎನ್‌ಇಎಫ್‌ಟಿ ಅಥವಾ ಐಎಂಪಿಎಸ್. ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ಹಗಲಿರುಳೂ ನಡೆಯುತ್ತದೆ. ಕಾರ್ಡಿನಂತೆ ಚಾರ್ಜ್‌ಬ್ಯಾಕ್ ಇಲ್ಲ. ಮಾರುವವರ ದೃಷ್ಟಿಯಿಂದ ಇದಕ್ಕಿಂತ ಗಟ್ಟಿ ದಾರಿಯಿಲ್ಲ ಎನ್ನಬೇಕು, ಒಂದೇ ಒಂದು ಗುಂಡಿ ಬಿಟ್ಟರೆ.

ಆ ಗುಂಡಿ ಇದು: ದುಡ್ಡು ಕೊಳ್ಳುವವರ ಹೆಸರಿನ ಖಾತೆಯಿಂದಲೇ ಬರಬೇಕು. "ನಮ್ಮ ಪಾರ್ಟ್‌ನರ್ ಖಾತೆಯಿಂದ ಹಾಕಿಸುತ್ತೇನೆ" ಎಂದು ಎಲ್ಲಿಂದಲೋ ಬಂದ ದುಡ್ಡು ಯಾರೋ ಕಳೆದುಕೊಂಡ ದುಡ್ಡಾಗಿರಬಹುದು. ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ದುಡ್ಡಿನ ಜಾಡು ನಿಮ್ಮ ಖಾತೆಯವರೆಗೆ ಬರುತ್ತದೆ, ಬ್ಯಾಂಕ್ ಆ ಮೊತ್ತವನ್ನು ತಡೆಹಿಡಿಯುತ್ತದೆ, ಕೆಲವೊಮ್ಮೆ ಖಾತೆಯನ್ನೇ. ಅದನ್ನು ಬಿಡಿಸಿಕೊಳ್ಳಲು ಬೇರೆ ರಾಜ್ಯದ ಸೈಬರ್ ಠಾಣೆಗೆ ಪತ್ರ ಬರೆಯುತ್ತಾ ಕೂರಬೇಕು. ಹೆಸರು ಹೊಂದದಿದ್ದರೆ ಬಂದ ಖಾತೆಗೇ ವಾಪಸ್ ಮಾಡಿ, ಬೇರೆ ಖಾತೆಗೆ ಕಳಿಸಿ ಎಂದರೆ ಕಳಿಸಬೇಡಿ. ಸಂದೇಶ, ಸ್ಕ್ರೀನ್‌ಶಾಟ್ ನೋಡಿ ಡೊಮೇನ್ ಕೊಡಬೇಡಿ. ನಿಮ್ಮ ಬ್ಯಾಂಕ್ ಆಪ್ ತೆರೆದು ಯುಟಿಆರ್ ಸಂಖ್ಯೆ (ವರ್ಗಾವಣೆಯ ಗುರುತು ಸಂಖ್ಯೆ) ತಾಳೆ ನೋಡಿ. ವಿದೇಶದಿಂದ ಬ್ಯಾಂಕುಗಳ ಸ್ವಿಫ್ಟ್ ಜಾಲದ ಮೂಲಕ ಬರುವುದಾದರೆ ಅವರ ಬ್ಯಾಂಕಿನ ಪಾವತಿ ಸಂದೇಶದ (ಹಿಂದೆ ಎಂಟಿ103 ಎನ್ನುತ್ತಿದ್ದದ್ದು) ಪ್ರತಿ ಕಳಿಸಿದರೂ ಅದು ದುಡ್ಡಲ್ಲ, ಹೊರಟಿದೆ ಎಂಬ ಚೀಟಿ ಮಾತ್ರ. ಬಂದ ಮೇಲೆ ಬ್ಯಾಂಕಿನಿಂದ ಒಳಬಂದ ವಿದೇಶಿ ಹಣದ ಪತ್ರ ಕೇಳಿ ಪಡೆಯಿರಿ.

ಇಲ್ಲಿ ಎಸ್ಕ್ರೋದ ವಿವರಣೆ ಪೆಟ್ಟಿಗೆ ಇಲ್ಲದ ಕಾರಣ ಕರಾರು ಪತ್ರ ನೀವೇ ಮಾಡಿಕೊಳ್ಳಬೇಕು. ಇ-ಸ್ಟಾಂಪ್ ಕಾಗದ, ಇಬ್ಬರ ಸಹಿ. 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ವರ್ಗಾವಣೆ ಬರವಣಿಗೆಯಲ್ಲಿ, ವರ್ಗಾಯಿಸುವವರ ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದು, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾನೂನು ಓದಿಕೊಳ್ಳುತ್ತದೆ. ಮೊಬೈಲಿನಲ್ಲಿ ಎರಡು ಸಾಲು ಬರೆದು ಮುಗಿಸಿದವರು ಐದು ವರ್ಷದ ಮೇಲೆ ಹೊಸ ಜಗಳಕ್ಕೆ ಬಾಗಿಲು ತೆರೆದಿಟ್ಟಂತೆ.

ಕೊಂಡವರು "ಗ್ರಾಹಕರ ವೇದಿಕೆಗೆ ಹೋಗುತ್ತೇನೆ" ಎಂದು ಬೆದರಿಸುವುದು ಮಾಮೂಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ. ಆದರೆ ಸ್ವಯಂ ಉದ್ಯೋಗದಿಂದ ಜೀವನೋಪಾಯ ಮಾಡಿಕೊಳ್ಳಲೆಂದೇ ಕೊಂಡವರಿಗೆ ಅದೇ ವ್ಯಾಖ್ಯೆಯಲ್ಲಿ ವಿನಾಯಿತಿ ಇದೆ. ಒಂದೇ ಸೈಟ್ ಕೊಂಡು ಮನೆಯಲ್ಲಿ ಕೂತು ನಡೆಸುವವರು ಆ ವಿನಾಯಿತಿ ಹಿಡಿಯಬಹುದು, ನಗಣ್ಯ ಮಾಡಬೇಡಿ.

ಪ್ರಾಮಾಣಿಕ ತಕರಾರುಗಳು ಹುಟ್ಟುವುದು ಎಲ್ಲಿ

ಎಲ್ಲ ತಕರಾರೂ ಮೋಸವಲ್ಲ. ಮಾರಿದವರ ಮರೆವಿನಿಂದ ಹುಟ್ಟುವುದೇ ಬಹಳ. ಆಡ್‌ಸೆನ್ಸ್ ಕೋಡನ್ನೇ ತೆಗೆದುಕೊಳ್ಳಿ. ಅದು ಪ್ಲಗಿನ್ನಿನಲ್ಲಿ ಒಂದು ಕಡೆ ಇರುತ್ತದೆ, ಥೀಮಿನ ಹೆಡರ್ ಫೈಲಿನಲ್ಲಿ ಕೈಯಿಂದ ಅಂಟಿಸಿದ್ದು ಇನ್ನೊಂದು ಕಡೆ, ಮೊಬೈಲಿಗೆಂದು ಹಗುರ ಮಾಡಿದ ಎಎಂಪಿ ಪುಟಗಳಲ್ಲಿ ಮತ್ತೊಂದು ಕಡೆ. ಒಂದನ್ನು ಮರೆತರೂ ಕೊಂಡವರ ಸೈಟಿನ ಆದಾಯ ನಿಮ್ಮ ಖಾತೆಗೆ ಬರುತ್ತಿರುತ್ತದೆ. ಕೊಂಡವರು ಪುಟದ ಸೋರ್ಸ್ ತೆರೆದು ನಿಮ್ಮ ಪಬ್ಲಿಷರ್ ಸಂಖ್ಯೆ ನೋಡಿದ ಕ್ಷಣ ಅದು ಕಳ್ಳತನದ ಆರೋಪ. ಡೇಟಾಬೇಸ್ ಡಂಪ್ ಮತ್ತು ಫೈಲ್‌ಗಳಲ್ಲಿ ಆ ಸಂಖ್ಯೆಯನ್ನು ಪಠ್ಯವಾಗಿ ಹುಡುಕಿದರೆ ಎರಡು ನಿಮಿಷದಲ್ಲಿ ಎಲ್ಲವೂ ಸಿಗುತ್ತದೆ. ಸೈಟಿನ ಜಾಹೀರಾತು ಜಾಗ ಯಾರು ಮಾರಬಹುದೆಂದು ಹೇಳುವ ಆಡ್ಸ್ ಡಾಟ್ ಟಿಎಕ್ಸ್‌ಟಿ ಫೈಲಿನಲ್ಲೂ ನಿಮ್ಮ ಸಾಲು ಅಳಿಸಿ.

ಸರ್ಚ್ ಕನ್ಸೋಲ್‌ಗೆ ಹಾಕಿದ್ದ ಎಚ್‌ಟಿಎಂಎಲ್ ದೃಢೀಕರಣ ಫೈಲ್ ಸೈಟಿನ ಮೂಲ ಫೋಲ್ಡರಿನಲ್ಲಿ ಉಳಿದರೆ ನೀವು ಇನ್ನೂ ಮಾಲೀಕರಾಗಿ ಕಾಣುತ್ತೀರಿ. ಹಳೆಯ ಅಡ್ಮಿನ್ ಬಳಕೆದಾರ, ಅಪ್ಲಿಕೇಶನ್ ಪಾಸ್‌ವರ್ಡ್ ಇವೂ ಅಷ್ಟೇ. ಕ್ರ್ಯಾಕ್ ಮಾಡಿದ ಪ್ಲಗಿನ್ ಹಾಕಿದ್ದರೆ ಮಾರುವ ಮುಂಚೆ ತೆಗೆಯಿರಿ; ಕೊಂಡವರ ಹೋಸ್ಟಿಂಗ್‌ನ ಮಾಲ್‌ವೇರ್ ಸ್ಕ್ಯಾನ್ ಅದನ್ನು ಹಿಡಿದರೆ "ಹೇಳಿದಂತಿಲ್ಲ" ಎಂಬ ದೂರು ಅಲ್ಲಿಗೆ ನಿಜವಾಯಿತು.

ತಕರಾರು ಬಂದ ದಿನ

ಕಾರ್ಡಿನ ಚಾರ್ಜ್‌ಬ್ಯಾಕ್ ಆದರೆ ಮೊದಲು ಅದರ ಕಾರಣ ಹೇಳುವ ಕೋಡ್ ನೋಡಿ. ಎಲ್ಲದಕ್ಕೂ ಒಂದೇ ಕಂತೆ ಕಳಿಸಿ ಸೋಲುವವರೇ ಹೆಚ್ಚು. ವೀಸಾದಲ್ಲಿ 13.1 ಅಂದರೆ ಸಿಕ್ಕಿಲ್ಲ, 13.3 ಅಂದರೆ ಹೇಳಿದಂತಿಲ್ಲ, 10.4 ಅಂದರೆ ಈ ಪಾವತಿ ಕಾರ್ಡ್‌ದಾರರು ಮಾಡಿದ್ದೇ ಅಲ್ಲ. ಮಾಸ್ಟರ್‌ಕಾರ್ಡಿನಲ್ಲಿ ಮೊದಲೆರಡೂ 4853ರಡಿ ಬರುತ್ತವೆ, ಮೂರನೆಯದು 4837.

"ಸಿಕ್ಕಿಲ್ಲ" ಎಂಬುದಕ್ಕೆ ಉತ್ತರ ಪುಶ್ ಇಮೇಲ್ ಮತ್ತು ಸರ್ವರ್ ಲಾಗ್. ಇದಕ್ಕಾಗಿಯೇ ಕೊಂಡವರ ಮೊದಲ ಲಾಗಿನ್ ನಿಮ್ಮ ಹೋಸ್ಟಿಂಗ್‌ನಲ್ಲೇ ನಡೆಯುವಂತೆ ನೋಡಿಕೊಳ್ಳಿ: ಅವರ ಇಮೇಲಿಗೆ ಒಂದು ಅಡ್ಮಿನ್ ಖಾತೆ ಮಾಡಿ, ಅವರೇ ಒಳಬಂದು ಬ್ಯಾಕಪ್ ಇಳಿಸಿಕೊಳ್ಳಲಿ. ಲಾಗಿನಲ್ಲಿ ಅವರ ಐಪಿ ವಿಳಾಸ, ಸಮಯ, ವರ್ಡ್‌ಪ್ರೆಸ್ ಲಾಗಿನ್ ಪುಟಕ್ಕೆ ಪೋಸ್ಟ್ ವಿನಂತಿ (ಪಾಸ್‌ವರ್ಡ್ ಕಳಿಸಿದ್ದು), ಮುಂದೆ 302 ಎಂಬ ಸಂಖ್ಯೆ ಕಾಣಬೇಕು. 302 ಅಂದರೆ ಪಾಸ್‌ವರ್ಡ್ ಸರಿಯಾಗಿ ಒಳಗೆ ಕಳಿಸಿತು ಎಂದು. 200 ಇದ್ದರೆ ತಪ್ಪಾಗಿ ಅದೇ ಪುಟ ಮತ್ತೆ ತೆರೆಯಿತು ಎಂದು. ಈ ವ್ಯತ್ಯಾಸ ಗೊತ್ತಿಲ್ಲದೆ 200ರ ಸಾಲನ್ನೇ ಪುರಾವೆ ಎಂದು ಕಳಿಸಿ ತಮ್ಮ ಕೇಸನ್ನು ತಾವೇ ಕೆಡಿಸಿಕೊಳ್ಳುವವರಿದ್ದಾರೆ. ಹೋಸ್ಟಿಂಗ್ ನಿರ್ವಹಿಸುವ ಸಿಪ್ಯಾನೆಲ್‌ನ ರಾ ಆಕ್ಸೆಸ್ ಪುಟದಲ್ಲಿ ಲಾಗ್‌ಗಳನ್ನು ಉಳಿಸಿಡುವ ಆಯ್ಕೆಗೆ ಮೊದಲೇ ಟಿಕ್ ಹಾಕಿಡಿ, ಇಲ್ಲದಿದ್ದರೆ ತಿರುಗಿ ನೋಡುವಷ್ಟರಲ್ಲಿ ಅಳಿಸಿಹೋಗಿರುತ್ತವೆ.

"ಹೇಳಿದಂತಿಲ್ಲ" ಎಂಬುದಕ್ಕೆ ಜಾಹೀರಾತಿನ ಮೂಲ ಪಠ್ಯ, ಮಾರಾಟದ ಮುಂಚೆ ಕೊಂಡವರಿಗೆ ಅನಲಿಟಿಕ್ಸ್‌ನಲ್ಲಿ ನೋಡುವ ಅನುಮತಿ ಕೊಟ್ಟ ದಿನಾಂಕ, ಸೇರಿದ್ದು ಸೇರಿಲ್ಲದ್ದರ ಪಟ್ಟಿ. ಸ್ಕ್ರೀನ್‌ಶಾಟ್‌ಗೆ ಬೆಲೆ ಕಡಿಮೆ, ಬ್ರೌಸರಿನಲ್ಲೇ ಯಾವ ಅಂಕಿಯನ್ನಾದರೂ ತಿದ್ದಬಹುದೆಂದು ಎಲ್ಲರಿಗೂ ಗೊತ್ತು. 10.4 ಬಂದರೆ ಆಸೆ ಕಮ್ಮಿ; ಕೊರಿಯರ್ ಮಾಡಿದ ವಿಳಾಸ ಎಂಬುದೇ ಇಲ್ಲದ ಸರಕಿಗೆ ಅದನ್ನು ಗೆಲ್ಲುವುದು ಕಷ್ಟ.

ಉತ್ತರ ಒಂದೂವರೆ ಪುಟ ಮೀರದಿರಲಿ. ಮೊದಲ ಪುಟದಲ್ಲಿ ದಿನಾಂಕದ ಸಾಲುಗಳು: ಇಂಥ ದಿನ ಇಷ್ಟು ಗಂಟೆಗೆ ದುಡ್ಡು, ಇಷ್ಟಕ್ಕೆ ಲಾಗಿನ್, ಇಷ್ಟಕ್ಕೆ ಪುಶ್ ಒಪ್ಪಿಗೆ, ಪ್ರತಿ ಸಾಲಿನ ಮುಂದೆ ಲಗತ್ತಿನ ಸಂಖ್ಯೆ. ಬ್ಯಾಂಕಿನಲ್ಲಿ ಅದನ್ನು ಓದುವವರಿಗೆ ವರ್ಡ್‌ಪ್ರೆಸ್ ಗೊತ್ತಿರಬೇಕಿಲ್ಲ. "ನಾನು ಮೂರು ವರ್ಷ ಕಷ್ಟಪಟ್ಟು ಕಟ್ಟಿದ ಸೈಟ್" ಎಂಬ ಮಾತಿಗೆ ಅಲ್ಲಿ ಅಂಕವಿಲ್ಲ.

ಸಿಟ್ಟಿನಲ್ಲಿ ಹಳೆಯ ಪಾಸ್‌ವರ್ಡ್ ಹಾಕಿ ಒಳನುಗ್ಗಿ ಸೈಟ್ ಕೆಡವುವುದಂತೂ ಬೇಡವೇ ಬೇಡ. ಕೈಬದಲಾದ ಮೇಲೆ ಅದು ಇನ್ನೊಬ್ಬರ ಕಂಪ್ಯೂಟರ್. ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ನಿನಡಿ ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡಕ್ಕೆ ಅವಕಾಶವಿದೆ. ದುಡ್ಡು ಬಾಕಿ ಇದೆ ಎಂಬುದು ಅಲ್ಲಿ ಗುರಾಣಿಯಾಗದು. ಡೊಮೇನ್ ಹೆಸರಿನ ವ್ಯಾಜ್ಯ ತೀರಿಸುವ ಯುಡಿಆರ್‌ಪಿಗೆ ಹೋಗುತ್ತೇನೆ ಎನ್ನುವುದೂ ವ್ಯರ್ಥ, ಅದು ಇರುವುದು ಟ್ರೇಡ್‌ಮಾರ್ಕ್ ಜಗಳಕ್ಕೆ, ಬಾಕಿ ವಸೂಲಿಗಲ್ಲ.

ದಾಖಲೆಗಳನ್ನು ಎಷ್ಟು ದಿನ ಇಡಬೇಕೆಂಬುದು ದಾರಿಯ ಮೇಲಿದೆ. ಪೇಪಾಲ್ ಬ್ಯಾಲೆನ್ಸಿನಿಂದ ಬಂದದ್ದಾದರೆ 180 ದಿನ, ಕಾರ್ಡ್ ಎಲ್ಲಿ ತಾಗಿದ್ದರೂ 540 ದಿನ, ಭಾರತದಲ್ಲಿ ಹಣ ವಸೂಲಿ ದಾವೆಗೆ ಕಾಲಮಿತಿ ಮೂರು ವರ್ಷ. ಲಾಗ್, ಇಮೇಲ್, ಬ್ಯಾಕಪ್ ಜಿಪ್ ಎಲ್ಲವನ್ನೂ ಒಂದು ಫೋಲ್ಡರಿಗೆ ಹಾಕಿ ಪ್ರತಿ ಫೈಲಿನ ಎಸ್‌ಎಚ್‌ಎ-256 ಮೊತ್ತವನ್ನು ಅವತ್ತೇ ಬರೆದಿಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನಡಿ ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಶ್ ಮೊತ್ತಕ್ಕೆಂದೇ (ಎಸ್‌ಎಚ್‌ಎ-256 ಅಂಥದ್ದೇ ಒಂದು) ಒಂದು ಅಂಕಣ ಇದೆ. ಮಾರಿದ ದಿನವೇ ಕಳಿಸಿದ ಸಂದೇಶದಲ್ಲಿ ಇರುವ ಮೊತ್ತವೂ ಆ ಅಂಕಣದಲ್ಲಿ ಬರೆಯುವ ಮೊತ್ತವೂ ಒಂದೇ ಆಗಿದ್ದರೆ, ಫೈಲ್ ಆಮೇಲೆ ತಿದ್ದಿದ್ದು ಎಂದು ವಾದಿಸುವುದು ಎದುರು ವಕೀಲರಿಗೆ ಕಷ್ಟವಾಗುತ್ತದೆ.